ಗ್ರಾಚ್ಯುಟಿ ಬಂತು, ಎಲ್ಲರಿಗೂ ಥ್ಯಾಂಕ್ಸ್

ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಟ್ಟಾಗ ಕಂಪನಿ ಕೊಡಬೇಕಾದ ಇಡುಗಂಟು ಕೊನೆಗೂ ಖಾತೆಗೆ ಬಿತ್ತು. 79,200 ರೂಪಾಯಿ, ತಡ ಮಾಡಿದ್ದಕ್ಕೆ ಬಡ್ಡಿ ಬೇರೆ. ಮೆಸೇಜ್ ಬಂದಾಗ ಸೊಪ್ಪು ಆರಿಸುತ್ತಿದ್ದೆ. ದುಡ್ಡು ಕೊಟ್ಟು ಕಂತೆ ಅಲ್ಲೇ ಬಿಟ್ಟು ಬಂದಿದ್ದೀನಿ!

ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ 10 ವರ್ಷ 8 ತಿಂಗಳು ಕಾಲರ್ ಹೊಲಿದೆ. ಬೆನ್ನುನೋವು ಜಾಸ್ತಿಯಾಗಿ ಬಿಟ್ಟೆ. "ನೀವಾಗೇ ಬಿಟ್ಟರೆ ಗ್ರಾಚ್ಯುಟಿ ಬರಲ್ಲಮ್ಮ" ಅಂದರು ಆಫೀಸಿನವರು. ನಾನೂ ನಂಬಿದ್ದೆ. ಎದುರು ಮನೆ ಅಕ್ಕ ಬೈದಳು. "ಐದು ವರ್ಷ ತುಂಬಿದ ಮೇಲೆ ನೀನೇ ಬಿಟ್ಟರೂ ಕೊಡಬೇಕು ಕಣೇ, 1972ರಿಂದ ಕಾನೂನಿದೆ." ಅಕ್ಕ, ಆವತ್ತು ನಿನ್ನ ಮೇಲೆ ಸಿಟ್ಟೇ ಬಂದಿತ್ತು. ಕಂಪನಿಗೆ ಅರ್ಜಿ ಬರೆದುಕೊಟ್ಟಿದ್ದು ನೀನು, ಪೋಸ್ಟಿನ ರಸೀದಿ ಜೋಪಾನ ಮಾಡಿಸಿದ್ದೂ ನೀನು. ಮುಂದೆ ಆ ರಸೀದಿಯೇ ಕೈ ಹಿಡಿಯಿತು.

ಉತ್ತರ ಬರಲಿಲ್ಲ. ಡೇರಿ ಸರ್ಕಲ್ ಹತ್ತಿರ ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಟ್ಟೆ. ಆಮೇಲೆ ಒಂದೂವರೆ ವರ್ಷ ಬರೀ ತಾರೀಖು. ಅದನ್ನೆಲ್ಲ ಬರೆದರೆ ನಿಮಗೂ ಬೇಜಾರು.

ಮಧ್ಯದಲ್ಲಿ ಕಂಪನಿಯವರು ಒಂದು ಮಾತು ತೆಗೆದರು. ನಾನು ನಡುವೆ ಕೆಲಸ ಬಿಟ್ಟು, ಹೊಸದಾಗಿ ಸೇರಿದವಳಂತೆ. ಮಗ ಪಿಎಫ್ ಪಾಸ್‌ಬುಕ್ ಪ್ರಿಂಟ್ ತೆಗೆಸಿಕೊಂಡು ಬಂದ. ಒಂದು ತಿಂಗಳೂ ತಪ್ಪಿಲ್ಲ. ನನ್ನ ಪಕ್ಕದ ಮಷೀನಿನವಳು ಅರ್ಧ ದಿನ ರಜೆ ಹಾಕಿ ಸಾಕ್ಷಿ ಹೇಳಲು ಬಂದಳು. ಅವಳು ಇನ್ನೂ ಅಲ್ಲೇ ಕೆಲಸ ಮಾಡುತ್ತಾಳೆ! ಕೈ ನಡುಗುತ್ತಿತ್ತು, ಆದರೂ ಸೈನ್ ಹಾಕಿದಳು. ಅವಳಿಗೆ ಏನಂತ ಹೇಳಲಿ?

ಆಗ ಕಂಪನಿ ಇನ್ನೊಂದು ಲೆಕ್ಕ ತಂದಿತು. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ಕೊನೇ ತಿಂಗಳ ಸಂಬಳ 12,480. ಅದನ್ನು 30ರಿಂದ ಭಾಗಿಸಿ, 10 ವರ್ಷಕ್ಕೆ 62,400 ಅಂತ. ಅಧಿಕಾರಿ ಮೇಡಂ ಏನೂ ಮಾತಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು 30 ಹೊಡೆದುಹಾಕಿ ಪಕ್ಕದಲ್ಲಿ 26 ಅಂತ ಬರೆದರು, ವಾರದ ರಜೆ ಬಿಟ್ಟರೆ ತಿಂಗಳಿಗೆ ಅಷ್ಟೇ ಕೆಲಸದ ದಿನ. ದಿನಕ್ಕೆ 480. ವರ್ಷಕ್ಕೆ 15 ದಿನದಂತೆ 7,200. ಆರು ತಿಂಗಳು ದಾಟಿದ್ದಕ್ಕೆ ಪೂರ್ತಿ ವರ್ಷ ಹಿಡಿದು 11. ಐದು ನಿಮಿಷವೂ ಆಗಲಿಲ್ಲ. ಮೇಡಂ, ನಿಮ್ಮ ಕೆಲಸ ನೀವು ಮಾಡಿದಿರಿ ಅಷ್ಟೇ, ಆದರೂ ಕೈ ಮುಗಿಯುತ್ತೀನಿ.

ಭವನದ ಮೆಟ್ಟಿಲ ಮೇಲೆ ಕೂತು ಫಾರಂ ತುಂಬಿಸಿಕೊಟ್ಟ ಯೂನಿಯನ್ ಅಕ್ಕಂದಿರು ಟೀ ದುಡ್ಡೂ ಕೊಡಲು ಬಿಡಲಿಲ್ಲ. ಅವರಿಗೂ ಥ್ಯಾಂಕ್ಸ್.

ಸಾಕ್ಷಿ ಹೇಳಿದವಳಿಗೆ ಒಂದು ಸೀರೆ ಕೊಡಿಸೋಣ ಅಂತ ಹೋದೆ. ಬೇಡ ಅಂದಳು. ಪರ್ಸಿನಿಂದ ಮಡಚಿಟ್ಟ ಸಂಬಳದ ಚೀಟಿ ತೆಗೆದು ಕೈಗಿಟ್ಟಳು. "ನಂದು ಒಂಬತ್ತು ವರ್ಷ ಆಯ್ತಲ್ವಾ, ಸುಮ್ನೆ ಲೆಕ್ಕ ಹಾಕು ನೋಡೋಣ." 26ರಿಂದ ಭಾಗಿಸಲು ಶುರು ಮಾಡಿದೆ.