ಅಪ್ಪನಿಗೂ ಒಂದು ಮೇಜು ಹಾಕಿಸು

ಪ್ರೀತಿಯ ಸೊಸೆಗೆ, ಕಾಸರಗೋಡಿನ ಬದಿಯಡ್ಕದಿಂದ ಸೋದರಮಾವನ ಆಶೀರ್ವಾದಗಳು.

ನಿನ್ನ ದೂರನ್ನೆಲ್ಲ ಓದಿದೆ. ಬೆಳಗಾದರೆ ಅಪ್ಪ ನಿನ್ನ ಅಡಿಕೆ ಹಾಳೆತಟ್ಟೆಯ ಘಟಕಕ್ಕೆ ಬಂದು ಕೂರುತ್ತಾರೆ, ಕೆಲಸದವರ ಮುಂದೆಯೇ ತಪ್ಪು ಹುಡುಕುತ್ತಾರೆ, ನೀನು ಫೋನಿನಲ್ಲಿ ಆರ್ಡರ್ ಮಾತನಾಡುವಾಗ ನಡುವೆ ಬಾಯಿ ಹಾಕುತ್ತಾರೆ. ಭಾವನ ಸ್ವಭಾವ ನನಗೆ ಹೊಸದೇ? ತಮ್ಮ ಮದುವೆಯ ಪಂಕ್ತಿಯಲ್ಲಿ ಕುಳಿತೇ ಬಡಿಸುವವರಿಗೆ ಬಡಿಸುವ ಕ್ರಮ ಕಲಿಸಿದವರು ಅವರು.

ಪುರುಸೊತ್ತಾದಾಗ ‘ದಿ ಇಂಟರ್ನ್’ ಎಂಬ ಇಂಗ್ಲಿಷ್ ಚಿತ್ರ ನೋಡು. ನ್ಯಾನ್ಸಿ ಮೇಯರ್ಸ್ ನಿರ್ದೇಶಿಸಿದ್ದು, 2015ರದ್ದು. ಹೆಂಡತಿಯನ್ನು ಕಳೆದುಕೊಂಡ ಎಪ್ಪತ್ತರ ಬೆನ್, ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಬ್ರೂಕ್ಲಿನ್ನಿನ ಕಂಪನಿಗೆ ತರಬೇತಿ ನೌಕರನಾಗಿ ಸೇರುತ್ತಾನೆ. ಅದರ ಒಡತಿ ಜೂಲ್ಸ್ ಅವನಿಗೆ ಮಗಳಂಥವಳು. ಬೆನ್ ಪಾತ್ರ ಮಾಡಿದ ರಾಬರ್ಟ್ ಡಿ ನೀರೊ ಎಂದರೆ ನನಗೆ ಪಿಸ್ತೂಲು ನೆನಪಾಗುತ್ತಿತ್ತು. ಇಲ್ಲಿ ಕರವಸ್ತ್ರ ಇಟ್ಟುಕೊಂಡು ಓಡಾಡುತ್ತಾನೆ. ಅದೂ ತನಗಲ್ಲ, ಅಳುವವರಿಗೆ ಕೊಡುವುದಕ್ಕಂತೆ!

ಆ ಕಟ್ಟಡದಲ್ಲಿ ಹಿಂದೆ ಟೆಲಿಫೋನ್ ಡೈರೆಕ್ಟರಿ ಅಚ್ಚಾಗುತ್ತಿತ್ತು. ಬೆನ್ ದಶಕಗಳ ಕಾಲ ದುಡಿದದ್ದೂ ಅಲ್ಲಿಯೇ. ಆದರೂ ಬಂದವನೇ ‘ನಮ್ಮ ಕಾಲದಲ್ಲಿ’ ಎಂದು ಶುರು ಮಾಡುವುದಿಲ್ಲ. ಜೂಲ್ಸ್ ಕೆಲಸವನ್ನೇ ಕೊಡದೆ ಕೂರಿಸಿದರೂ ಸುಮ್ಮನೆ ಕೂರುತ್ತಾನೆ. ಯಾರೂ ಮುಟ್ಟದೆ ಸಾಮಾನು ರಾಶಿ ಬಿದ್ದಿದ್ದ ಒಂದು ಮೇಜನ್ನು ಒಂದು ಬೆಳಿಗ್ಗೆ ಬೇಗ ಬಂದು ಚೊಕ್ಕಟ ಮಾಡಿಡುತ್ತಾನೆ. ನಡುವೆ ಅವಳು, ಈತ ಎಲ್ಲವನ್ನೂ ಗಮನಿಸುತ್ತಾನೆ ಎಂಬ ಕಾರಣಕ್ಕೇ ಅವನನ್ನು ಬೇರೆ ವಿಭಾಗಕ್ಕೆ ಕಳುಹಿಸಲು ಹೇಳುತ್ತಾಳೆ. ನಿನ್ನ ಪತ್ರದಲ್ಲಿ ಇದ್ದದ್ದೂ ಇದೇ ಸಿಟ್ಟು ತಾನೇ?

ಬೆನ್ ಅತಿಯಾಗಿ ಒಳ್ಳೆಯವನು ಎಂಬುದು ಚಿತ್ರದ ಕೊರತೆ. ಮಂಡಿನೋವಿಲ್ಲ, ಮುನಿಸಿಲ್ಲ, ಹೇಳಿದ್ದನ್ನೇ ಹೇಳುವ ಚಾಳಿಯಿಲ್ಲ. ಅಂಥ ಮುದುಕನನ್ನು ನಿನ್ನ ಮನೆಯಲ್ಲಿ ಹುಡುಕಬೇಡ. ಆದರೆ ಭಾವ ಹಾಳೆ ಆರಿಸುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡು. ಒಳಮೈಗೆ ಹೆಬ್ಬೆರಳು ಒತ್ತುತ್ತಾರೆ, ಅಂಚನ್ನು ತುಸು ಬಾಗಿಸುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಬಿದ್ದ ದಿನವೇ ಹೆಕ್ಕಿದ ಹಾಳೆ ಯಾವುದು, ಮಳೆಗೆ ನೆನೆದು ಒಣಗಿದ್ದು ಯಾವುದು ಎಂದು ಅಷ್ಟರಲ್ಲೇ ಬೇರೆ ಮಾಡಿರುತ್ತಾರೆ. ಬೂಸ್ಟು ಹಿಡಿದ ಹಾಳೆಯ ಕಲೆ ತಟ್ಟೆ ಒತ್ತಿದ ಮೇಲೂ ಹೋಗುವುದಿಲ್ಲ. ಆ ತಟ್ಟೆ ಗಿರಾಕಿಯಿಂದ ವಾಪಸು ಬಂದರೆ ನಷ್ಟ ನಿನಗೇ.

ಆದ್ದರಿಂದ ಹಾಳೆ ಕೊಳ್ಳುವ ಕೆಲಸವನ್ನು ಪೂರ್ತಿ ಅವರಿಗೆ ಬಿಡು. ಬೇಸಿಗೆಯಲ್ಲಿ ಯಾವ ತೋಟದಿಂದ ಎಷ್ಟು ತರಬೇಕು, ಮಳೆಗಾಲಕ್ಕೆ ಎಷ್ಟು ದಾಸ್ತಾನು ಬೇಕು, ಎಲ್ಲ ಅವರೇ ನೋಡಲಿ. ಪಂಚಾಯತಿಯಿಂದ ಬರುವ ಮಲಯಾಳ ಕಾಗದಗಳೂ ಅವರ ಮೇಜಿಗೇ ಹೋಗಲಿ. ಬೆಂಗಳೂರಿನಲ್ಲಿ ಓದಿದ ನಿನಗೆ ಅದನ್ನು ಓದಿ ಹೇಳಲು ಹೇಗೂ ಇನ್ನೊಬ್ಬರು ಬೇಕು. ಗಿರಾಕಿಗಳ ಫೋನು, ಕೆಲಸದವರ ಸಂಬಳ, ದರ ನಿನ್ನವು. ಅದನ್ನು ಬಾಯಿಬಿಟ್ಟು ಹೇಳು. ಘಟಕದಲ್ಲಿ ನಾಲ್ಕು ಜನರೆದುರು ಬೇಡ, ಮನೆಯಲ್ಲಿ ಊಟವಾದ ಮೇಲೆ ಹೇಳು. ಕೇವಲ ಮರ್ಯಾದೆಗೆಂದು ಕುರ್ಚಿ ಕೊಟ್ಟು ಕೂರಿಸಿದರೆ ಭಾವನಂಥವರು ತಪ್ಪು ಹುಡುಕದೆ ಇನ್ನೇನು ಮಾಡಿಯಾರು?

ಮಗುವನ್ನು ಗಂಡನ ಕೈಗೆ ಬಿಟ್ಟು ದುಡಿಯುತ್ತೀ ಎಂದು ನೆಂಟರು ಆಡಿಕೊಳ್ಳುವುದನ್ನೂ ಬರೆದಿದ್ದೀ. ಜೂಲ್ಸಳ ಗಂಡನೂ ಕೆಲಸ ಬಿಟ್ಟು ಮಗಳನ್ನು ನೋಡಿಕೊಳ್ಳುತ್ತಾನೆ. ಸಂಸಾರ ಬಿರುಕು ಬಿಟ್ಟಾಗ ಅವಳು ಕಂಪನಿಯನ್ನೇ ಹೊರಗಿನವರ ಕೈಗೆ ಕೊಡಲು ಹೊರಡುತ್ತಾಳೆ. ಅವಳಷ್ಟು ಅಕ್ಕರೆಯಿಂದ ಅದನ್ನು ಇನ್ನಾರೂ ನೋಡಿಕೊಳ್ಳಲಾರರು ಎಂಬುದು ಬೆನ್‌ನ ಅಭಿಪ್ರಾಯ; ನನ್ನದೂ ಅದೇ. ನೆಂಟರಿಗೆ ಉತ್ತರ ಕೊಡುವ ಗೊಡವೆ ನಿನಗೆ ಬೇಡ, ಅದಕ್ಕೆ ನಾನಿದ್ದೇನೆ.

ಇನ್ನೊಂದು ಮಾತು. ಹಾಳೆ ಒತ್ತುವ ಯಂತ್ರ ಕೆಟ್ಟರೆ, ಭಾವ ಸ್ಕ್ರೂಡ್ರೈವರ್ ಹುಡುಕುವ ಮೊದಲೇ ಮೆಕ್ಯಾನಿಕ್‌ಗೆ ಫೋನ್ ಮಾಡು. ನಮ್ಮ ತೋಟದ ಪಂಪನ್ನು ಅವರು ರಿಪೇರಿ ಮಾಡಿಕೊಟ್ಟ ಮೇಲೆ ನಾನು ಹೊಸ ಪಂಪನ್ನೇ ತರಬೇಕಾಯಿತು.

ಇಂತಿ,
ನಿನ್ನ ಮಾವ