ಭಾನುವಾರದ ಡ್ಯೂಟಿ ಆರಾಧನೆ ಅಲ್ವಾ?

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಬಂದ್ರೆ ಪೇಪರ್‌ಗಳಲ್ಲಿ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ದೀಪಾಲಂಕಾರದ ಫೋಟೋ, ಗುಡ್ ಫ್ರೈಡೇ ಬಂದ್ರೆ ಶಿಲುಬೆ ಹೊತ್ತ ಮೆರವಣಿಗೆ ಫೋಟೋ, ಈಸ್ಟರ್‌ಗೆ ಕೈಲಿ ಮೇಣದಬತ್ತಿ ಹಿಡ್ಕೊಂಡಿರೋ ಮಗು ಫೋಟೋ, ಹೆಚ್ಚುಕಮ್ಮಿ ಪ್ರತಿ ವರ್ಷ ಇಷ್ಟೇ. ತಪ್ಪು ಅಂತಿಲ್ಲ, ನೋಡೋಕೆ ಖುಷಿನೇ, ನಾನೂ ಕೆಲವನ್ನ ಕತ್ತರಿಸಿ ಇಟ್ಕೊಂಡಿದ್ದೀನಿ. ಆದ್ರೆ ಇದನ್ನೇ ನೋಡಿ ನೋಡಿ ಬೇರೆಯವ್ರಿಗೆ ಮಾತ್ರ ಅಲ್ಲ ಕ್ರೈಸ್ತರಾದ ನಮಗೂ ಆರಾಧನೆ ಅಂದ್ರೆ ಒಂದು ಕಟ್ಟಡ, ಇಸ್ತ್ರಿ ಮಾಡಿದ ಬಟ್ಟೆ, ಹಾಡು, ಆಮೇಲೆ ಕೇಕು ಅನ್ನೋ ಹಾಗಾಗ್ಬಿಟ್ಟಿದೆ. ಆ ವಿಷಯಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕಲೇಬೇಕು ಅಂದ್ರೆ ದಯವಿಟ್ಟು ಕೊನೆ ಕಡೆಯಿಂದ ಹಾಕ್ಬೇಡಿ, ಕೇಳ್ಬೇಕಾದ್ದನ್ನ ಅಲ್ಲೇ ಕೇಳಿದ್ದೀನಿ.

ನಾನು ಸರ್ಕಾರಿ ಆಸ್ಪತ್ರೆಲಿ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದೋಳು. ನಮ್ಮ ಸಮುದಾಯದಲ್ಲಿ ನರ್ಸಿಂಗ್‌ಗೆ ಹೋಗೋ ಹೆಣ್ಮಕ್ಕಳು ಜಾಸ್ತಿ ಅನ್ನೋದು ಎಲ್ರಿಗೂ ಗೊತ್ತಿರೋದೇ, ಆದ್ರೆ ನರ್ಸ್‌ಗೆ ಭಾನುವಾರ ಅನ್ನೋದು ಒಂದಿಲ್ಲ ಅನ್ನೋದು ನಮ್ಮ ಸಭೆಯವ್ರಿಗೇ, ಅಂದ್ರೆ ನಮ್ಮ ಚರ್ಚ್‌ನವ್ರಿಗೇ, ಗೊತ್ತಿರಲ್ಲ. ಡ್ಯೂಟಿ ಲಿಸ್ಟ್‌ನಲ್ಲಿ ಮಾರ್ನಿಂಗ್ ಬಿದ್ರೆ ಆರಾಧನೆ ಟೈಮಿಗೆ ಸರಿಯಾಗಿ ವಾರ್ಡ್ ರೌಂಡ್ಸ್, ನೈಟ್ ಬಿದ್ರೆ ಬೆಳಗ್ಗೆ ಹ್ಯಾಂಡ್‌ಓವರ್ ಕೊಟ್ಟು ಮನೆಗೆ ಬರೋ ಹೊತ್ತಿಗೆ ಚರ್ಚ್‌ನ ಮೊದಲನೇ ಗಂಟೆ ಹೊಡೆದಿರುತ್ತೆ, ಕಾಲು ಊದಿರುತ್ತೆ, ಸ್ನಾನ ಮಾಡಿ ಸೀರೆ ಉಟ್ಕೊಂಡು ಹೋಗಿ ಕೂತ್ರೆ ಪಾದ್ರಿಯವ್ರ ಪ್ರಸಂಗದ ಮಧ್ಯೆ ತಲೆ ತೂಗುತ್ತೆ. ಹೋಗ್ದೇ ಮಲಗಿದ್ರೆ ಮುಂದಿನ ವಾರ ಯಾರಾದ್ರೂ ಹತ್ರ ಬಂದು ಸ್ತೋತ್ರ ಅಕ್ಕ, ಏನು ಈಚೆಗೆ ಕಾಣೋದೇ ಇಲ್ಲ, ಲೋಕದ ಕೆಲಸ ಜಾಸ್ತಿಯಾಯ್ತಾ ಅಂತ ನಗ್ತಾ ನಗ್ತಾನೇ ಕೇಳ್ತಾರೆ. ಲೋಕದ ಕೆಲಸವಂತೆ! ಹೆರಿಗೆ ಆಗಿ ರಕ್ತ ನಿಲ್ಲದೇ ಇದ್ದ ಹೆಂಗಸಿನ ಪಕ್ಕ ರಾತ್ರಿಯಿಡೀ ನಿಂತು ಬಿಪಿ ನೋಡಿ, ಡ್ರಿಪ್ ನೋಡಿ, ಅವಳ ತಾಯಿಗೆ ಧೈರ್ಯ ಹೇಳಿ ಬಂದಿರೋದು ಲೋಕದ ಕೆಲಸ, ಎಂಟು ಗಂಟೆ ನಿದ್ದೆ ಮಾಡಿ ಎದ್ದು ಬಂದು ನಾಲ್ಕು ಹಾಡು ಹಾಡೋದು ದೇವರ ಕೆಲಸ. ಈ ಲೆಕ್ಕ ನನಗೆ ಅವತ್ತೂ ಅರ್ಥ ಆಗಿಲ್ಲ ಇವತ್ತೂ ಆಗಿಲ್ಲ.

ಯೇಸುಸ್ವಾಮಿಗೂ ಇದೇ ಮಾತು ಕೇಳೋಕೆ ಸಿಕ್ಕಿತ್ತು ಅನ್ನೋದೇ ನನಗೆ ಸಮಾಧಾನ. ಬೈಬಲ್‌ನ ಲೂಕನ ಸುವಾರ್ತೆ 13ನೇ ಅಧ್ಯಾಯದಲ್ಲಿದೆ. ಹದಿನೆಂಟು ವರ್ಷದಿಂದ ಸೊಂಟ ಬಗ್ಗಿಹೋಗಿ ನೆಟ್ಟಗೆ ನಿಲ್ಲೋಕಾಗ್ದೇ ಇದ್ದ ಹೆಂಗಸನ್ನ ಸಬ್ಬತ್ ದಿನ, ಅಂದ್ರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಅವ್ರ ಪ್ರಾರ್ಥನೆಯ ಸಭಾಮಂದಿರದೊಳಗೇ ವಾಸಿ ಮಾಡ್ತಾನೆ. ಅಲ್ಲಿನ ಅಧ್ಯಕ್ಷನಿಗೆ ಸಿಟ್ಟು ಬರುತ್ತೆ, ಆದ್ರೆ ಯೇಸುಗೆ ನೇರವಾಗಿ ಹೇಳೋ ಧೈರ್ಯ ಇಲ್ಲ, ಜನರ ಕಡೆ ತಿರುಗಿ ಕೆಲಸ ಮಾಡೋಕೆ ಆರು ದಿನ ಇದೆ ಆ ದಿನಗಳಲ್ಲಿ ಬಂದು ವಾಸಿ ಮಾಡಿಸ್ಕೊಳ್ಳಿ ಅಂತಾನೆ. (ಕಮಿಟಿಯವ್ರ ಸ್ವಭಾವ ಎರಡು ಸಾವಿರ ವರ್ಷದಿಂದ ಬದಲಾಗಿಲ್ಲ ನೋಡಿ.) ಅದಕ್ಕೆ ಯೇಸು ಕೇಳಿದ್ದು, ಸಬ್ಬತ್ ದಿನ ನೀವು ಕೊಟ್ಟಿಗೆಯಿಂದ ಎತ್ತು ಕತ್ತೆ ಬಿಚ್ಚಿ ನೀರಿಗೆ ಹೊಡ್ಕೊಂಡು ಹೋಗಲ್ವಾ, ಹಾಗಿದ್ಮೇಲೆ ಈ ಹೆಂಗಸಿನ ಕಟ್ಟು ಬಿಚ್ಚಬಾರ್ದಾ ಅಂತ. ಈ ಭಾಗನ ನಾವು ಅದ್ಭುತ ಕಾರ್ಯ ಅಂತ ಓದಿ ಮುಂದೆ ಹೋಗ್ತೀವಿ. ನನಗೆ ಕಾಣೋದು ಬೇರೆ, ದೇವರನ್ನ ಸ್ತುತಿಸೋಕೆ ಅಂತ ಸೇರಿದ ಜಾಗದಲ್ಲಿ ಅವತ್ತು ನಿಜವಾಗಿ ದೇವರನ್ನ ಸ್ತುತಿಸಿದ್ದು ಅಂತ ಲೂಕ ಬರೆದಿರೋದು ಆ ಹೆಂಗಸು ಒಬ್ಬಳ ಬಗ್ಗೆನೇ, ಅದೂ ಬೆನ್ನು ನೆಟ್ಟಗಾದ ಮೇಲೆ. ಯೇಸುವಿನ ಅಪೊಸ್ತಲ ಪೌಲನೂ ರೋಮ್‌ನವ್ರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ನಿಮ್ಮ ದೇಹಗಳನ್ನೇ ಜೀವಂತ ಬಲಿಯಾಗಿ ಕೊಡಿ, ದೇವರಿಗೆ ಮೆಚ್ಚಿಕೆಯಾದ ಆರಾಧನೆ ಅದೇ ಅಂತಾನೆ. ನೈಟ್ ಡ್ಯೂಟಿ ಮಾಡಿದವ್ರಿಗೆ ಆ ವಾಕ್ಯಕ್ಕೆ ವ್ಯಾಖ್ಯಾನ ಬೇಕಾಗಲ್ಲ.

ಕಾಯಕ ಅಂದ ತಕ್ಷಣ ಬಸವಣ್ಣನವ್ರನ್ನ ನೆನೆಯೋ ನಾಡು ಇದು, ಇಲ್ಲಿ ಇದನ್ನ ಬೇರೆಯವ್ರಿಗೆ ಬಿಡಿಸಿ ಹೇಳ್ಬೇಕಿಲ್ಲ, ನಮ್ಮ ಸಭೆಗಳಲ್ಲೇ ಹೇಳ್ಬೇಕಾಗಿರೋದು. ಹಾಗೆ ನೋಡಿದ್ರೆ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕನ್ನಡ ಕ್ರೈಸ್ತರು ವೇದಿಕೆ ಸಿಕ್ಕಿದ್ರೆ ಸಾಕು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಅಂತ ಶುರು ಮಾಡ್ತೀವಿ, ಅವ್ರು ಬೆವರು ಸುರಿಸಿದ್ದು, ನಾವು ಅದನ್ನ ನಮ್ಮ ಖಾತೆಗೆ ಜಮಾ ಮಾಡ್ಕೊಳ್ಳೋದು. ನಾನು ನೆನೆಸ್ಕೊಳ್ಳೋದು ಆಸ್ಪತ್ರೆಗಳನ್ನ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವ್ರಿಗೆ ಹೋಮಿಯೋಪಥಿ ಔಷಧಿ ಕೊಡೋಕೆ ಶುರು ಮಾಡಿದ್ರು, ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಅಂತಾನೇ ಜಾಗ ಮಾಡಿದ್ರು, ಆ ಕಾಲದಲ್ಲಿ ಅವ್ರನ್ನ ಹತ್ರ ಸೇರಿಸ್ಕೊಳ್ಳೋರು ಯಾರಿದ್ರು ಹೇಳಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜನ ಮಿಷನ್ ಆಸ್ಪತ್ರೆ ಅಂತಾನೇ ಕರೆಯೋ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದ್ದು. ಉಡುಪಿಲಿ 1923ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗೆ ಅಂತ ಆಸ್ಪತ್ರೆ ತೆಗೆದ್ರು. ಇವೆಲ್ಲಾ ಆರಾಧನೆ ಮುಗಿಸ್ಕೊಂಡು ಟೈಮ್ ಉಳಿದ್ರೆ ಮಾಡಿದ ಸಮಾಜಸೇವೆ ಅಂತ ನಾನು ನಂಬಲ್ಲ.

2020ನೇ ಇಸ್ವಿ ನೆನಪು ಮಾಡ್ಕೊಳ್ಳಿ. ಮಾರ್ಚ್ ಕೊನೆಲಿ ಲಾಕ್‌ಡೌನ್, ಏಪ್ರಿಲ್ 12ಕ್ಕೆ ಈಸ್ಟರ್, ಎಲ್ಲಾ ಚರ್ಚ್‌ಗಳಿಗೂ ಬೀಗ. ನಮ್ಮವ್ರು ಬಹಳ ನೊಂದ್ಕೊಂಡ್ರು, ಆಗ ಸರ್ವಿಸ್‌ನಲ್ಲಿದ್ದ ನನಗೂ ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಮೊಬೈಲ್‌ನಲ್ಲಿ ಆರಾಧನೆ ಬಂತು, ಲೈವ್ ನೋಡಿದೋರ ಸಂಖ್ಯೆ ಹೇಳ್ಕೊಂಡು ಸಂತೋಷ ಪಟ್ರು. ಅದೇ ಈಸ್ಟರ್ ದಿನ ವಾರ್ಡ್‌ಗಳಲ್ಲಿ ಪಿಪಿಇ ಕಿಟ್ ಒಳಗೆ ಬೆವರು ಸುರಿಸ್ತಾ, ನೀರು ಕುಡಿಯೋಕೂ ಆಗ್ದೇ ನಿಂತಿದ್ದವ್ರು, ಆಮೇಲೆ ಮನೆಯವ್ರೇ ಹತ್ರ ಬರೋಕೆ ಹೆದರಿದ ಹೆಣಗಳನ್ನ ಮರ್ಯಾದೆಯಿಂದ ಮಣ್ಣು ಮಾಡಿದ ಬೇರೆ ಬೇರೆ ಧರ್ಮದ ಹುಡುಗ್ರು, ಇವ್ರೆಲ್ಲಾ ಯಾವ ಲೈವ್‌ನಲ್ಲೂ ಇರಲಿಲ್ಲ. ಜೂನ್ 8ಕ್ಕೆ ಪ್ರಾರ್ಥನಾ ಮಂದಿರಗಳನ್ನ ತೆರೆಯಬಹುದು ಅಂತಾಯ್ತು, ಸ್ಯಾನಿಟೈಸರ್ ಬಂತು, ಬೆಂಚಿಗೆ ಇಷ್ಟೇ ಜನ ಅಂತ ಗುರುತು ಬಂತು. ಬೀಗ ಬಿದ್ದಿದ್ದ ದಿನಗಳಲ್ಲಿ ಕಲಿತಿದ್ದೇನು ಅಂತ ಮಾತ್ರ ನಾವು ಕೂತು ಮಾತಾಡಲೇ ಇಲ್ಲ.

ಈಗ ಸ್ವಲ್ಪ ಖಾರದ ಮಾತು. ಭಾನುವಾರ ನಾವೆಲ್ಲಾ ಬೇಗ ಹೊರಡ್ಬೇಕು ಅಂತ ಎಷ್ಟೋ ಮನೆಲಿ ಕೆಲಸದವ್ಳನ್ನ ಅವತ್ತು ಇನ್ನೂ ಬೇಗ ಬರೋಕೆ ಹೇಳ್ತೀವಿ, ಆರಾಧನೆ ಮುಗಿಸಿ ಬರೋ ಹೊತ್ತಿಗೆ ಬಿರಿಯಾನಿಗೆ ಈರುಳ್ಳಿ ಹೆಚ್ಚಿ ಮಸಾಲೆ ರುಬ್ಬಿರ್ಬೇಕು, ನೆಂಟರು ಬಂದ್ರೆ ಪಾತ್ರೆ ರಾಶಿ. ಎಷ್ಟೋ ಸಲ ಅವಳೂ ಕ್ರೈಸ್ತಳೇ, ಅವಳಿಗೂ ಒಂದು ಚರ್ಚ್ ಇದೆ. ಸಬ್ಬತ್ ಆಚರಿಸಿ ಅನ್ನೋ ಆಜ್ಞೆನ ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠ ಮಾಡ್ಸಿದ್ದೀವಿ, ಆದ್ರೆ ಬೈಬಲ್‌ನ ಧರ್ಮೋಪದೇಶಕಾಂಡ ಅನ್ನೋ ಪುಸ್ತಕದ 5ನೇ ಅಧ್ಯಾಯದಲ್ಲಿ ಆ ಆಜ್ಞೆ ಪೂರ್ತಿ ಓದಿದ್ರೆ ನಿನ್ನ ಗಂಡಾಳು ಹೆಣ್ಣಾಳುಗಳಿಗೂ ನಿನ್ನ ಹಾಗೇ ವಿಶ್ರಾಂತಿ ಸಿಗ್ಬೇಕು, ನೀನೂ ಐಗುಪ್ತದಲ್ಲಿ (ಈಜಿಪ್ಟ್‌ನಲ್ಲಿ) ದಾಸನಾಗಿದ್ದೆ ಮರೀಬೇಡ ಅಂತ ಕಾರಣ ಸಮೇತ ಹೇಳಿದೆ. ಎತ್ತಿಗೂ ಕತ್ತೆಗೂ ರಜ ಇದೆ ಅಲ್ಲಿ. ಅದೇ ಪುಸ್ತಕದ 24ನೇ ಅಧ್ಯಾಯದಲ್ಲಿ ಬಡ ಕೂಲಿಯವನಿಗೆ ಹೊತ್ತು ಮುಳುಗೋ ಮುಂಚೆ ಕೂಲಿ ಕೊಡು, ಅವನು ದೇವರಿಗೆ ಮೊರೆಯಿಟ್ರೆ ಅದು ನಿನ್ನ ಪಾಪ ಆಗುತ್ತೆ ಅಂತಿದೆ. ಕಾಣಿಕೆ ಕವರ್‌ಗೆ ಐನೂರರ ನೋಟು ಹಾಕಿ, ಕೆಲಸದವ್ಳು ಎರಡು ದಿನ ಬರ್ಲಿಲ್ಲ ಅಂತ ಲೆಕ್ಕ ಹಾಕಿ ಸಂಬಳ ಹಿಡ್ಕೊಳ್ಳೋ ಕೈ ಒಂದೇ ಆಗಿದ್ರೆ ಆ ನೋಟನ್ನ ದೇವರು ಏನು ಮಾಡ್ತಾನೆ?

ಇದು ನನ್ನ ಬಾಯಿಂದ ಬಂದ ಹೊಸ ಮಾತಲ್ಲ. ತೆಕೋವ ಅನ್ನೋ ಊರಿನ ಪ್ರವಾದಿ ಆಮೋಸ, ಕುರಿ ಕಾಯೋನು, ಅತ್ತಿಹಣ್ಣಿನ ಕೆಲಸ ಮಾಡೋನು, ಕ್ರಿಸ್ತಪೂರ್ವ ಎಂಟನೇ ಶತಮಾನದಲ್ಲಿ ಬೇತೇಲ್‌ನ ದೊಡ್ಡ ಗುಡಿಗೆ ಹೋಗಿ ನಿಮ್ಮ ಹಬ್ಬಗಳು ದೇವರಿಗೆ ಬೇಡ, ನಿಮ್ಮ ಹಾಡಿನ ಗದ್ದಲ ಕೇಳೋಕೆ ಇಷ್ಟ ಇಲ್ಲ, ನ್ಯಾಯ ಹೊಳೆ ಥರ ಹರೀಲಿ ಅಂದ. ಹಬ್ಬ ಯಾವಾಗ ಮುಗಿಯುತ್ತೋ, ಸಬ್ಬತ್ ಯಾವಾಗ ಕಳೆಯುತ್ತೋ, ಅಳತೆ ಕಿರಿದು ಮಾಡಿ, ತಕ್ಕಡಿ ಮೋಸ ಮಾಡಿ ಧಾನ್ಯ ಮಾರೋಣ ಅಂತ ಕಾಯ್ಕೊಂಡು ಕೂತಿದ್ದ ವ್ಯಾಪಾರಿಗಳ ಮನಸ್ಸನ್ನ ಬಿಚ್ಚಿಟ್ಟ. ಅಲ್ಲಿನ ಯಾಜಕ ಅಮಚ್ಯ ಏನು ಉತ್ತರ ಕೊಟ್ಟ ಗೊತ್ತಾ, ಇದು ರಾಜನ ಗುಡಿ, ನಿಮ್ಮೂರಿಗೆ ಹೋಗಿ ಅಲ್ಲಿ ಪ್ರವಾದನೆ ಹೇಳ್ಕೊ ಅಂದ. ತಪ್ಪು ಹೇಳ್ತಿದೀಯಾ ಅಂತ ಅವನು ಅನ್ನಲೇ ಇಲ್ಲ. ಈಗ್ಲೂ ಯಾರಾದ್ರೂ ವಾರ್ಷಿಕ ಮಹಾಸಭೆಲಿ ಎದ್ದು ನಿಂತು ಚರ್ಚ್ ಗುಡಿಸಿ ಗಂಟೆ ಬಾರಿಸೋ ಅಣ್ಣನಿಗೆ ಎಷ್ಟು ಸಂಬಳ ಕೊಡ್ತಿದ್ದೀವಿ, ಪಿಎಫ್ ಇಎಸ್‌ಐ ಇದೆಯಾ ಅಂತ ಕೇಳಿದ್ರೆ ಸಿಗೋ ಉತ್ತರ ಹೆಚ್ಚುಕಮ್ಮಿ ಅದೇ, ಇದು ಆ ವಿಷಯ ಮಾತಾಡೋ ಜಾಗ ಅಲ್ಲ ಕೂತ್ಕೊಳ್ಳಿ ಅಂತ. ಎಲ್‌ಇಡಿ ಪರದೆಗೆ, ಹೊಸ ಸೌಂಡ್ ಸಿಸ್ಟಂಗೆ ಮಾತ್ರ ವಿಶೇಷ ಕಾಣಿಕೆ ಎತ್ತೋಕೆ ಒಂದು ಭಾನುವಾರ ಸಾಕು.

ಬಡ ವಿಧವೆ ಎರಡು ಕಾಸು ಹಾಕಿದ ಕಥೆನೂ ಹಾಗೇ. ಕಾಣಿಕೆ ಬಗ್ಗೆ ಪ್ರಸಂಗ ಅಂದ್ರೆ ಮಾರ್ಕನ ಸುವಾರ್ತೆ 12ರಲ್ಲಿ 41ನೇ ವಚನದಿಂದ ಓದ್ತಾರೆ, ಅದರ ಹಿಂದಿನ ವಚನ ಓದೋದು ಕಮ್ಮಿ. ಅಲ್ಲಿ ಯೇಸು ಧರ್ಮಶಾಸ್ತ್ರ ಕಲಿಸೋ ಶಾಸ್ತ್ರಿಗಳ ಬಗ್ಗೆ ಇವ್ರು ವಿಧವೆಯರ ಮನೆ ನುಂಗ್ತಾರೆ, ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡ್ತಾರೆ ಅಂತ ಹೇಳಿ ಮುಗಿಸಿರ್ತಾನೆ, ಮುಂದಿನ ಸಾಲಲ್ಲೇ ಆ ವಿಧವೆ ಬರ್ತಾಳೆ. ಎರಡನ್ನೂ ಸೇರಿಸಿ ಓದಿದ್ರೆ ಅದು ಬರೀ ಅವಳನ್ನ ಹೊಗಳೋ ಕಥೆ ಥರ ಕಾಣಲ್ಲ, ಅವಳ ಹತ್ರ ಎರಡೇ ಕಾಸು ಉಳಿಯೋ ಹಾಗೆ ಮಾಡಿದ್ದು ಯಾರು ಅನ್ನೋ ಪ್ರಶ್ನೆನೂ ಅಲ್ಲೇ ಇದೆ ಅನ್ಸುತ್ತೆ.

ಇಷ್ಟೆಲ್ಲಾ ಓದಿ ಕೆಲವ್ರು, ಅದ್ರಲ್ಲೂ ಇಪ್ಪತ್ತು ಮೂವತ್ತರ ಹುಡುಗ್ರು, ಕರೆಕ್ಟ್ ಆಂಟಿ, ಮನಸ್ಸಲ್ಲಿ ಭಕ್ತಿ ಇದ್ರೆ ಸಾಕು ಚರ್ಚ್‌ಗೆ ಯಾಕೆ ಹೋಗ್ಬೇಕು ಅಂತಾರೆ. ಇಲ್ಲಪ್ಪ, ನಾನು ಅದನ್ನ ಹೇಳ್ತಿಲ್ಲ. ಎಲ್ಲಿ ಆರಾಧಿಸ್ಬೇಕು ಅನ್ನೋ ಮಾತು ತೆಗೆದ ಸಮಾರ್ಯದ ಹೆಂಗಸಿಗೆ ಯೇಸು ಈ ಬೆಟ್ಟನೂ ಅಲ್ಲ ಯೆರೂಸಲೇಮೂ ಅಲ್ಲ, ಆತ್ಮದಿಂದ ಸತ್ಯದಿಂದ ಆರಾಧಿಸೋರು ಬೇಕು ಅಂದಿದ್ದು ನಿಜ, ಆದ್ರೆ ಅದೇ ಯೇಸು ಸಬ್ಬತ್ ದಿನ ವಾಡಿಕೆ ಪ್ರಕಾರ ಸಭಾಮಂದಿರಕ್ಕೆ ಹೋದ ಅಂತಾನೂ ಲೂಕ ಬರೆದಿದ್ದಾನೆ. ಮನೇಲಿ ಒಬ್ಬಳೇ ಕೂತು ಪ್ರಾರ್ಥನೆ ಮಾಡಿದ್ರೆ ನನಗೆ ಇಷ್ಟವಾದವ್ರಿಗೆ ಮಾತ್ರ ಪ್ರಾರ್ಥಿಸ್ತೀನಿ, ಸಭೆಲಿ ನನ್ನ ಪಕ್ಕ ನನ್ನ ಜತೆ ಮಾತು ಬಿಟ್ಟಿರೋ ನಾದಿನಿ ಕೂತಿರ್ತಾಳೆ, ಅವಳ ಜತೆನೇ ಒಂದೇ ರೊಟ್ಟಿ ತಗೋಬೇಕು. ಅಂಥ ಕಷ್ಟ ಮೊಬೈಲ್‌ನಲ್ಲಿಲ್ಲ. ಮತ್ತಾಯ 5ರಲ್ಲಿ ನಿನ್ನ ಮೇಲೆ ಸಹೋದರನಿಗೆ ಏನಾದ್ರೂ ಇದ್ರೆ ಕಾಣಿಕೆನ ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡ್ಕೊಂಡು ಬಾ ಅಂದಿದ್ದಾನಲ್ಲ, ಅದನ್ನ ಅಕ್ಷರಶಃ ಪಾಲಿಸಿದ್ರೆ ಒಂದು ಭಾನುವಾರ ಅರ್ಧ ಚರ್ಚ್ ಎದ್ದು ಹೊರಗೆ ಹೋಗ್ಬೇಕಾಗುತ್ತೆ, ಸಭಾಪಾಲಕರೂ, ಅಂದ್ರೆ ಪಾದ್ರಿಯವ್ರೂ ಸೇರಿ.

ಕರ್ತನ ಭೋಜನದ, ಅಂದ್ರೆ ಯೇಸುವಿನ ನೆನಪಿಗೆ ಎಲ್ರೂ ಸೇರಿ ರೊಟ್ಟಿ ದ್ರಾಕ್ಷಾರಸ ತಗೊಳ್ಳೋ ವಿಧಿಯ ವಿಷಯದಲ್ಲೂ ಒಂದು ಮಾತು. ಕೊರಿಂಥ ಅನ್ನೋ ಊರಿನ ಸಭೆಲಿ ಉಳ್ಳವ್ರು ಮೊದಲೇ ಬಂದು ಹೊಟ್ಟೆ ತುಂಬ ಉಂಡು, ಇಲ್ಲದವ್ರು ಹಸ್ಕೊಂಡಿರ್ತಿದ್ರು, ಪೌಲ ಅದಕ್ಕೆ ನೀವು ಮಾಡ್ತಿರೋದು ಕರ್ತನ ಭೋಜನವೇ ಅಲ್ಲ ಅಂತ ಬರೆದ. ನಾವು ಈಗ ಒಂದೇ ಸಾಲಲ್ಲಿ ಮೊಣಕಾಲೂರ್ತೀವಿ ಸರಿ, ಆದ್ರೆ ಮಗನಿಗೆ ಹೆಣ್ಣು ನೋಡುವಾಗ ಹಿಂದಿನ ತಲೆಮಾರು ಯಾವ ಜಾತಿಯಿಂದ ಬಂದಿದ್ದು ಅಂತ ಮೆಲ್ಲಗೆ ವಿಚಾರಿಸ್ತೀವಿ. ಯಾರು ಪರಿಶಿಷ್ಟ ಜಾತಿ (ಎಸ್‌ಸಿ) ಅಂತ ಗೊತ್ತು ಮಾಡಿದ 1950ರ ರಾಷ್ಟ್ರಪತಿ ಆದೇಶದಿಂದ ದಲಿತ ಕ್ರೈಸ್ತರಿಗೆ ಎಸ್‌ಸಿ ಸೌಲಭ್ಯ ತಪ್ಪಿತು ಅಂತ ಸರ್ಕಾರನ ಕೇಳ್ತಿದ್ದೀವಿ, ಕೇಳೋದು ನ್ಯಾಯವೇ, ಮುಂದೆನೂ ಕೇಳ್ಬೇಕು. ಅದೇ ಬಾಯಲ್ಲಿ ನಮ್ಮ ಮನೆ ಬಾಗಿಲಲ್ಲಿ ಈ ವಿಚಾರಣೆ ನಡೀತಿದೆ.

ಹಾಗಾದ್ರೆ ಏನು ಮಾಡ್ಬೇಕು ಅಂತೀರಾ, ನಾನು ಕೇಳ್ತಿರೋದು ದೊಡ್ಡದೇನಲ್ಲ. ವಾರದ ಮಧ್ಯೆ ಒಂದು ಸಂಜೆ, ಬುಧವಾರ ಏಳು ಗಂಟೆಗೆ ಅಂತಿಟ್ಕೊಳ್ಳಿ, ಪೂರ್ತಿ ಆರಾಧನೆ ಇರ್ಲಿ, ಕರ್ತನ ಭೋಜನ ಸಮೇತ, ಪ್ರಾರ್ಥನಾ ಕೂಟ ಅಂತ ಕಡಿಮೆ ಮಾಡ್ಬೇಡಿ. ಭಾನುವಾರ ಬರೋಕಾಗದವ್ರು ಅಂದ್ರೆ ನರ್ಸ್‌ಗಳು, ಪೊಲೀಸ್‌ನವ್ರು, ಕೆಎಸ್‌ಆರ್‌ಟಿಸಿ ಡ್ರೈವರ್ ಕಂಡಕ್ಟರ್, ಹೋಟೆಲ್ ಹುಡುಗ್ರು, ಸೆಕ್ಯೂರಿಟಿ ಕೆಲಸದವ್ರು, ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕೋ ಹೆಣ್ಮಕ್ಕಳು, ಅವ್ರಿಗೆ ಅಂತ. ಭಾನುವಾರದ ಪ್ರಾರ್ಥನೆಲಿ ಅಧಿಕಾರದಲ್ಲಿರೋರಿಗೆ, ಕಾಯಿಲೆ ಬಿದ್ದವ್ರಿಗೆ ಪ್ರಾರ್ಥಿಸೋ ಹಾಗೆ ಅವತ್ತು ಡ್ಯೂಟಿಲಿರೋ ಸಭಾಸದಸ್ಯರ ಹೆಸರು ಓದಿ, ಗೈರುಹಾಜರಿ ಅಂತ ಅಲ್ಲ, ಕಳುಹಿಸಿಕೊಟ್ಟವ್ರು ಅಂತ. ಚರ್ಚ್‌ನಲ್ಲಿ, ಚರ್ಚ್ ನಡೆಸೋ ಶಾಲೆಗಳಲ್ಲಿ ಕೆಲಸ ಮಾಡೋರ ಸಂಬಳ ಎಷ್ಟು ಅಂತ ವಾರ್ಷಿಕ ಲೆಕ್ಕದಲ್ಲಿ ಕಾಣಿಕೆ ಲೆಕ್ಕದ ಪಕ್ಕದಲ್ಲೇ ಪ್ರಿಂಟ್ ಮಾಡ್ಸಿ. ಮನೆ ಕೆಲಸದವ್ರಿಗೆ ಭಾನುವಾರ ಸಂಬಳ ಸಮೇತ ರಜ ಕೊಡ್ತೀವಿ ಅಂತ ಸಭೆಯಾಗಿ ನಿರ್ಧಾರ ಮಾಡಿ, ಬಿರಿಯಾನಿ ಶನಿವಾರ ತಿಂದ್ರೂ ಆಗುತ್ತೆ.

ಇಷ್ಟನ್ನೂ ನಮ್ಮ ಸಭೆ ಕಮಿಟಿಗೆ ಬರೆದು ಕೊಟ್ಟಿದ್ದೀನಿ. ಬುಧವಾರದ್ದು ಒಂದಕ್ಕೆ ಮಾತ್ರ ಉತ್ತರ ಬಂತು, ಎಷ್ಟು ಜನ ಬರ್ತಾರಮ್ಮ, ಕರೆಂಟ್ ಖರ್ಚಿಗೂ ಗಿಟ್ಟಲ್ಲ ಅಂದ್ರು. ಇಬ್ಬರು ಮೂವರು ಸೇರಿದ್ರೂ ಸಾಕು ನಾನಿರ್ತೀನಿ ಅಂತ ಮತ್ತಾಯ 18ರಲ್ಲಿ ಒಬ್ಬರು ಹೇಳಿದ್ದಾರೆ, ಅವ್ರನ್ನ ಕೇಳಿ ನೋಡಿ ಅಂದೆ. ಮುಂದಿನ ಮೀಟಿಂಗ್‌ನಲ್ಲಿ ಇಡ್ತೀವಿ ಅಂದಿದ್ದಾರೆ.

ಇಂತಿ,
ನಿಮ್ಮ ಓದುಗಳು, ನಿವೃತ್ತ ಸ್ಟಾಫ್ ನರ್ಸ್
ಮೈಸೂರು