ಗೋದಾಮಿಗೆ ಕಳಿಸುವ ಮುಂಚೆ ಟೇಪು ಹಿಡಿದು ಅಳೆಯಿರಿ

ಮಾನ್ಯ ಸಂಪಾದಕರೇ,

ಮನೆಯಿಂದಲೇ ಆನ್‌ಲೈನ್ ವ್ಯಾಪಾರ ಮಾಡುವ ಹೆಂಗಸರ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಸರಕನ್ನು ಆನ್‌ಲೈನ್ ಮಾರಾಟದ ಕಂಪನಿಯ ಗೋದಾಮಿಗೆ ಕಳಿಸಿಬಿಟ್ಟರೆ ಪ್ಯಾಕಿಂಗ್, ಡೆಲಿವರಿ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಒಂದು ಸಾಲನ್ನು ನಂಬಿ ನಾವು ಪೆಟ್ಟು ತಿಂದಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಚನ್ನಪಟ್ಟಣದವರು. ಯಜಮಾನರು ಆಲೆ ಮರದಲ್ಲಿ ಆಟಿಕೆ ಕಡೆದು ಅರಗಿನ ಬಣ್ಣ ಹಾಕುತ್ತಾರೆ, ಮಾರಾಟ ನನ್ನದು. ರಾತ್ರಿ ಹನ್ನೊಂದರವರೆಗೆ ಡಬ್ಬಗಳಿಗೆ ಟೇಪು ಅಂಟಿಸಿ ಸಾಕಾಗಿತ್ತು. ಹಾಗಾಗಿ ಮಕ್ಕಳು ಎಳೆಯುವ ಆಟಿಕೆ ಗಾಡಿಗಳನ್ನೆಲ್ಲಾ ಒಂದೊಂದಕ್ಕೂ ಬಾರ್‌ಕೋಡ್ ಅಂಟಿಸಿ ಗೋದಾಮಿಗೆ ಕಳಿಸಿದೆವು. ತಿಂಗಳ ಲೆಕ್ಕ ಬಂದಾಗ ಎದೆ ಧಸಕ್ಕೆಂದಿತು. ಡಬ್ಬದ ಸಮೇತ ಗಾಡಿಯ ತೂಕ 700 ಗ್ರಾಂ, ಅವರು ಡೆಲಿವರಿ ಚಾರ್ಜ್ ಹಾಕಿದ್ದು 2.4 ಕೆ.ಜಿ.ಗೆ! ಆಮೇಲೆ ಗೊತ್ತಾಯಿತು, ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದನ್ನೇ ಹಿಡಿಯುತ್ತಾರೆ. ನಮ್ಮದು 30, 20, 20ರ ಡಬ್ಬ. ನೀವೇ ಗುಣಿಸಿ ನೋಡಿ.

ಯಜಮಾನರು ಎರಡು ದಿನ ಕೂತು, ಗಾಡಿಯ ಹಿಡಿಕೆಯನ್ನು ಬಿಚ್ಚಿ ಜೋಡಿಸುವ ಹಾಗೆ ಮಾಡಿದರು. ಡಬ್ಬ 25, 16, 12ಕ್ಕೆ ಇಳಿಯಿತು, ಲೆಕ್ಕ ಒಂದು ಕೆ.ಜಿ.ಯೊಳಗೆ ಬಂತು. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ!

ವಾಪಸ್ ಬಂದ ಮಾಲಿನದು ಇನ್ನೊಂದು ಸಂಕಟ. ಗಿರಾಕಿ ಹಿಂದಿರುಗಿಸಿದ್ದು ನಮ್ಮ ಕೈಗೆ ಬರಲ್ಲ, ಗೋದಾಮಿನಲ್ಲೇ ಯಾರೋ ನೋಡಿ ಮತ್ತೆ ಮಾರಾಟಕ್ಕೆ ಇಡುತ್ತಾರೆ. ಹಾಗೆ ಹೋದ ಒಂದು ಗಾಡಿಯ ಫೋಟೊವನ್ನು ಮುಂದಿನ ಗಿರಾಕಿ ಹಾಕಿದ್ದರು. ದಾರ ಗಂಟಾಗಿತ್ತು, ಹಳದಿ ಚಕ್ರದ ಅಂಚಿನಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಹಳೇ ಆಟಿಕೆ ಕಳಿಸಿದ್ದಾರೆ ಅಂತ ಬರೆದು ಒಂದೇ ಸ್ಟಾರ್ ಕೊಟ್ಟಿದ್ದರು. ಅವರದೇನು ತಪ್ಪು ಅಲ್ವಾ? ಉಳಿದ ಮಾಲನ್ನು ವಾಪಸ್ ತರಿಸಿಕೊಳ್ಳೋಣ ಅಂದರೆ ಅದಕ್ಕೂ ಒಂದೊಂದು ಪೀಸಿಗೆ ಶುಲ್ಕ, ಅಲ್ಲೇ ಬಿಟ್ಟರೆ ಜಾಗದ ಬಾಡಿಗೆ.

ಗೋದಾಮೇ ಬೇಡ ಅಂತ ನಾನು ಹೇಳುತ್ತಿಲ್ಲ. ಡೆಲಿವರಿ ಬೇಗ ಆಗುತ್ತೆ, ಅದನ್ನು ನೋಡಿಯೇ ಕೊಳ್ಳುವವರು ಜಾಸ್ತಿ. ದಸರಾಗೆ ಗೊಂಬೆ ಕೂರಿಸುವ ಸಮಯದಲ್ಲಂತೂ ನಾವಿಬ್ಬರೇ ಪ್ಯಾಕ್ ಮಾಡಿ ಮುಗಿಸಕ್ಕೆ ಆಗ್ತಿರಲಿಲ್ಲ. ಈಗ ಬೇಗ ಖರ್ಚಾಗುವ ಮೂರು ಚಿಕ್ಕ ಆಟಿಕೆಗಳನ್ನು ಮಾತ್ರ, ಆರು ವಾರಕ್ಕೆ ಆಗುವಷ್ಟೇ ಕಳಿಸುತ್ತೇವೆ. ದೊಡ್ಡದೆಲ್ಲಾ ಮನೆಯಿಂದಲೇ ಹೋಗುತ್ತೆ.

ಇನ್ನೊಂದು ಮಾತು. 2023ರ ಅಕ್ಟೋಬರ್ 1ರಿಂದ, ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವವರು ರಾಜ್ಯದ ಒಳಗಷ್ಟೇ ಮಾರಿದರೆ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್‌ನಲ್ಲಿ ಮಾರಬಹುದು. ಆದರೆ ಬೇರೆ ರಾಜ್ಯದ ಗೋದಾಮಿನಲ್ಲಿ ಮಾಲು ಇಟ್ಟು ಮಾರಬೇಕು ಅಂದರೆ ಅಲ್ಲಿಯೂ ನೋಂದಣಿ ಬೇಕು. ಸುಮ್ನೆ ಒಪ್ಪಿಗೆಯ ಬಟನ್ ಒತ್ತುವ ಮುಂಚೆ ಇದನ್ನು ಕೇಳಿಕೊಳ್ಳಿ.

ಜಿಲ್ಲಾ ಕೈಗಾರಿಕಾ ಕೇಂದ್ರದವರು ತರಬೇತಿ ಇಟ್ಟಾಗ ಖಾತೆ ತೆರೆಯುವುದರ ಜೊತೆಗೆ ಈ ಡಬ್ಬದ ಲೆಕ್ಕವನ್ನೂ ಕನ್ನಡದಲ್ಲಿ ಹೇಳಿಕೊಡಲಿ. ಒಂದು ಟೇಪು, ಒಂದು ತಕ್ಕಡಿ ಇದ್ದರೆ ಅರ್ಧ ಗಂಟೆಯ ಪಾಠ ಅದು.

– ನಿಮ್ಮ ಓದುಗರಲ್ಲಿ ಒಬ್ಬಳು, ಚನ್ನಪಟ್ಟಣ